ಪ್ರಸಿದ್ಧ ಪ್ರಸಂಗಗಳ ಯೋಗ್ಯತೆ ಮತ್ತು ಮನ್ನಣೆ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದ ಯಕ್ಷಗಾನವನ್ನು ಕುರಿತು ಒಂದು ವಿವೇಚನೆ

ತೆಂಕುತಿಟ್ಟು ಯಕ್ಷಗಾನದ ಪ್ರೇಕ್ಷಕ ವಲಯದಲ್ಲಿ ಬಗೆಹರಿಯದೆ ಉಳಿದ ವಾದಗಳು ಹಲವು. ಅವುಗಳಲ್ಲೊಂದು ಪ್ರಸಿದ್ಧ ಪ್ರಸಂಗಗಳ ಯೋಗ್ಯತೆಗೆ ಸಂಬಂಧಿಸಿದ್ದು. ದೇವೀಮಹಾತ್ಮೆಗೆ ಸಲ್ಲುತ್ತಿರುವ ಗೌರವ ಅದರ ಪದ್ಯಗಳ ಗುಣವನ್ನು ಮೀರಿದ್ದೆಂದು ಒಬ್ಬರು ಹೇಳಿದರೆ, ಡೇರೆ ಮೇಳಗಳ ತುಳು ಪ್ರಸಂಗಗಳಿಗೆ ಟಿಕೆಟ್ಟಿನ ಹಣವೇ ಪ್ರಮಾಣಪತ್ರವಾಗಿತ್ತೆಂದು ಇನ್ನೊಬ್ಬರು ಹೇಳುತ್ತಾರೆ. ಪ್ರಶಸ್ತಿ ಪಡೆದ ವಿದ್ವಾಂಸರ ಪ್ರಸಂಗಗಳು ಓದಿಗೆ ಒದಗುವಷ್ಟು ರಂಗಕ್ಕೆ ಒದಗುವುದಿಲ್ಲವೆಂಬ ಮೂರನೆಯ ಅಭಿಪ್ರಾಯವೂ ಇದೆ. ಬಂಟ್ವಾಳದ ತಾಳಮದ್ದಳೆಯ ಕೂಟಗಳು, ಬೆಳ್ತಂಗಡಿಯ ಹರಕೆಯಾಟದ ಬಯಲುಗಳು, ಮೂಡುಬಿದಿರೆಯ ಸಭಾಂಗಣಗಳು ಈ ವಾದಗಳಿಗೆ ಸಹಜವಾದ ನೆಲೆಗಳಾಗಿವೆ. ವಾದಿಸುವವರಲ್ಲಿ ಜಾಣ್ಮೆಗೆ ಕೊರತೆಯಿಲ್ಲ. ಆದರೂ ವಾದ ಮುಂದುವರಿಯುವುದು ಕಡಿಮೆ. ಬೇರೆ ಬೇರೆ ವಸ್ತುಗಳನ್ನು ಒಂದೇ ಕೊಳಗದಿಂದ ಅಳೆಯುವುದೇ ಇದಕ್ಕೆ ಕಾರಣವೆಂಬುದನ್ನು ಇಲ್ಲಿ ನಿದರ್ಶನಗಳ ಮೂಲಕ ಪರಿಶೀಲಿಸಲಾಗಿದೆ.

ಪಶ್ಚಿಮದ ಸಂಗೀತನಾಟಕಗಳ ವಿಷಯದಲ್ಲಿ ಇಂತಹ ಚರ್ಚೆ ಸುಲಭ. ಅಮೆರಿಕದ ಟೋನಿ ಪ್ರಶಸ್ತಿ 1958ರಲ್ಲಿ ಶ್ರೇಷ್ಠ ಸಂಗೀತನಾಟಕವೆಂದು 'ದಿ ಮ್ಯೂಸಿಕ್ ಮ್ಯಾನ್' ಕೃತಿಯನ್ನು ಆರಿಸಿತು. ಅದೇ ವರ್ಷ ಸ್ಪರ್ಧೆಯಲ್ಲಿದ್ದ 'ವೆಸ್ಟ್ ಸೈಡ್ ಸ್ಟೋರಿ'ಗೆ ನೃತ್ಯ ಸಂಯೋಜನೆ ಮತ್ತು ರಂಗವಿನ್ಯಾಸದ ಪ್ರಶಸ್ತಿಗಳಷ್ಟೇ ದೊರೆತವು. ಆ ತೀರ್ಪು ಸರಿಯೇ ಎಂದು ಇಂದೂ ವಾದಿಸಲು ಸಾಧ್ಯ. ಏಕೆಂದರೆ ಎರಡೂ ಕೃತಿಗಳ ಮಾತು, ಸ್ವರ, ಹೆಜ್ಜೆಗಳು ಗೊತ್ತುಪಡಿಸಲ್ಪಟ್ಟಿವೆ. ಯಕ್ಷಗಾನ ಪ್ರಸಂಗದ ಸ್ಥಿತಿ ಹಾಗಲ್ಲ. ಪ್ರಸಂಗವೆಂದರೆ ಪದ್ಯಗಳ ಒಂದು ಕಟ್ಟು ಮಾತ್ರ. ಅದರ ಅರ್ಥ ಆಶುವಾಗಿ ಬರುತ್ತದೆ, ನಡೆ ಭಾಗವತನ ಕೈಯಲ್ಲಿರುತ್ತದೆ, ಉದ್ದ ರಾತ್ರಿಯ ಪ್ರಮಾಣಕ್ಕೆ ಹೊಂದಿಕೊಳ್ಳುತ್ತದೆ. ನಮ್ಮ ಪ್ರಶಸ್ತಿಗಳು ಹೆಚ್ಚಾಗಿ ಕಲಾವಿದನಿಗೋ ಗ್ರಂಥಕ್ಕೋ ಸಲ್ಲುತ್ತವೆಯೇ ಹೊರತು ಒಂದು ರಾತ್ರಿಯ ಆಟಕ್ಕೆ ಸಲ್ಲುವುದಿಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಬಂದ ಪದ್ಮಶ್ರೀಯಿಂದ ಕೀಚಕ, ಭಸ್ಮಾಸುರರ ಪಾತ್ರಗಳಿಗೆ ಇನ್ನಷ್ಟು ಪ್ರಭಾವಳಿ ಬಂದಿತು ನಿಜ. ಹಾಗೆಂದು ಆ ಪ್ರಸಂಗಗಳ ಪದ್ಯಗಳು ಉತ್ತಮವಾದವೆಂದು ಯಾರೂ ಹೇಳಲಾರರು. ಆದುದರಿಂದ ಪ್ರಸಂಗವೊಂದರ ಮನ್ನಣೆ ಎಲ್ಲಿಂದ ಹುಟ್ಟಿತೆಂಬುದನ್ನು ಮೊದಲು ಗುರುತಿಸಬೇಕಾಗುತ್ತದೆ.

ದೇವೀಮಹಾತ್ಮೆ: ಹರಕೆಯ ಮನ್ನಣೆ

ಈ ಮೂರು ಊರುಗಳ ಸುತ್ತಮುತ್ತ ಅತಿ ಹೆಚ್ಚು ಆಡಿಸಲ್ಪಡುವ ಪ್ರಸಂಗಗಳಲ್ಲಿ ಶ್ರೀ ದೇವೀಮಹಾತ್ಮೆಗೆ ಅಗ್ರಸ್ಥಾನವಿದೆ. ಕಟೀಲಿನ ದುರ್ಗಾಪರಮೇಶ್ವರಿಯ ಮೇಳಗಳಿಗೆ ಆಟದ ಹರಕೆ ಹೊತ್ತವರು ವರ್ಷಗಟ್ಟಲೆ ಸರದಿ ಕಾಯುವುದು ಇಲ್ಲಿ ಎಲ್ಲರೂ ಬಲ್ಲ ಸಂಗತಿ. ಮನೆ ಕಟ್ಟಿದಾಗ, ಕಾಯಿಲೆ ವಾಸಿಯಾದಾಗ, ಮಗಳ ಮದುವೆ ಕೂಡಿಬಂದಾಗ, ಮುಂಬಯಿಯ ವ್ಯಾಪಾರ ದಡ ಹತ್ತಿದಾಗ ಹೊತ್ತ ಹರಕೆಗಳಿವು. ಹರಕೆ ಹೊತ್ತವನು ಪ್ರಸಂಗವನ್ನು ಆರಿಸುವುದು ಸಾಹಿತ್ಯದ ತಾರತಮ್ಯದಿಂದಲ್ಲ. ಅವನ ಮಟ್ಟಿಗೆ ಅದು ಸೇವೆ. ಚೌಕಿಯಲ್ಲಿ ದೇವಿಯ ಕಿರೀಟಕ್ಕೆ ಪೂಜೆ ಸಲ್ಲುವುದರಿಂದ ತೊಡಗಿ ಬೆಳಗಿನ ಮಂಗಳದವರೆಗೆ ಇಡೀ ರಾತ್ರಿಯೂ ಒಂದು ವಿಧಿಯೇ ಆಗಿರುತ್ತದೆ. ಇಂತಹ ಮನ್ನಣೆಯನ್ನು ಅತಿಯೆಂದು ಕರೆಯುವುದು ಪೂಜೆಯ ಗಂಧ ದುಬಾರಿಯಾಯಿತೆಂದು ವಿಮರ್ಶಿಸಿದಂತೆ.

ಇಷ್ಟನ್ನು ಒಪ್ಪಿದ ಮೇಲೆ ಪ್ರಸಂಗವನ್ನು ಪ್ರಸಂಗವಾಗಿಯೇ ನೋಡಬೇಕು. ಇದರ ಮೂಲ ಮಾರ್ಕಂಡೇಯ ಪುರಾಣಕ್ಕೆ ಸೇರಿದ, 13 ಅಧ್ಯಾಯಗಳ ದುರ್ಗಾಸಪ್ತಶತಿ. ಆದರೆ ರಂಗದಲ್ಲಿ ಪ್ರೇಕ್ಷಕರ ಮನಸ್ಸನ್ನು ಹಿಡಿದಿಡುವ ಮಾಲಿನಿ ಮತ್ತು ವಿದ್ಯುನ್ಮಾಲಿಯರ ಕಥೆ ಸಪ್ತಶತಿಯಲ್ಲಿಲ್ಲ. ಮಹಿಷನ ಹುಟ್ಟಿನ ಹಿಂದೆ ಒಬ್ಬ ತಾಯಿಯ ಸಂಕಟವನ್ನು ಇಡುವ ಈ ಭಾಗ ನಾಟಕದ ದೃಷ್ಟಿಯಿಂದ ಇಡೀ ಪ್ರಸಂಗದಲ್ಲೇ ಬಲವಾದುದು. ಅಸುರನ ಪಕ್ಷಕ್ಕೂ ಒಂದು ನ್ಯಾಯ, ಒಂದು ನೋವು ಇದೆಯೆಂದು ಇಲ್ಲಿ ತೋರುತ್ತದೆ. ಅನಂತರದ ಮಹಿಷಾಸುರನ ಪ್ರವೇಶವಂತೂ ರಂಗಕಲ್ಪನೆಯ ಮೇರು. ರಂಗಸ್ಥಳದ ಎದುರು ಕುಳಿತ ಜನರ ಹಿಂದಿನಿಂದ, ದೊಂದಿಯ ಬೆಳಕು ಮತ್ತು ರಾಳದ ಬೆಂಕಿಯ ನಡುವೆ, ಚೆಂಡೆಯ ಅಬ್ಬರಕ್ಕೆ ಕೋಡು ತೂಗುತ್ತ ಬರುವ ಆ ಬಣ್ಣದ ವೇಷ ನಿದ್ರೆಗೆ ಜಾರಿದ ಮಕ್ಕಳನ್ನು ಎಬ್ಬಿಸಿ ತಾಯಂದಿರ ಮಡಿಲಿಗೆ ಅಟ್ಟುತ್ತದೆ. ಬಯಲಾಟದ ಬಯಲು ಎಂಬ ಮಾತು ಸಾರ್ಥಕವಾಗುವುದು ಅಲ್ಲಿ. ಸಭಾಂಗಣದ ಕುರ್ಚಿಗಳ ಸಾಲಿನಲ್ಲಿ ಅದೇ ಪ್ರವೇಶ ಅರ್ಧ ಶಕ್ತಿಯನ್ನು ಕಳೆದುಕೊಳ್ಳುತ್ತದೆ.

ಉತ್ತರಾರ್ಧ ಹೀಗಿಲ್ಲ. ಚಂಡಮುಂಡರು, ಧೂಮ್ರಾಕ್ಷ, ರಕ್ತಬೀಜ, ಶುಂಭನಿಶುಂಭರು ಸರದಿಯಂತೆ ಬರುತ್ತಾರೆ, ಕೇಳುತ್ತಾರೆ, ಹೊರಡುತ್ತಾರೆ, ಮಡಿಯುತ್ತಾರೆ. ಪದ್ಯಗಳು ಯುದ್ಧಸನ್ನಾಹದ ಹಳೆಯ ಅಚ್ಚಿನಿಂದ ಎರಕ ಹೊಯ್ದಂತಿವೆ. ದೇವಿ ಉಯ್ಯಾಲೆಯಲ್ಲಿ ಕುಳಿತಿರುವಷ್ಟು ಹೊತ್ತು ಕಥೆಯೂ ಕುಳಿತೇ ಇರುತ್ತದೆ. ಈ ಭಾಗವನ್ನು ಎತ್ತಿ ನಿಲ್ಲಿಸುವವನು ರಕ್ತಬೀಜನ ಪಾತ್ರಧಾರಿ. ತನ್ನ ಸಾವನ್ನು ಬಲ್ಲ ಒಬ್ಬ ತತ್ತ್ವಜ್ಞನನ್ನಾಗಿ ಅವನನ್ನು ಚಿತ್ರಿಸುವ ಪರಂಪರೆ ತೆಂಕುತಿಟ್ಟಿನಲ್ಲಿ ಬೆಳೆದುಬಂದಿದೆ. ಆ ಚಿತ್ರಣಕ್ಕೆ ಪದ್ಯ ಕೊಡುವ ಆಧಾರ ತೀರ ಅಲ್ಪ. ಅದರ ಗೌರವ ಅರ್ಥಧಾರಿಗೆ ಸಲ್ಲತಕ್ಕದ್ದು. ದೇವೀಮಹಾತ್ಮೆಗೆ ಯೋಗ್ಯತೆ ಮೀರಿದ ಮನ್ನಣೆ ಕೊಡುವವರು ಹರಕೆಯವರಲ್ಲ. ರಂಗದ ಈ ಯಶಸ್ಸನ್ನು ಪದ್ಯಗಳ ಯಶಸ್ಸೆಂದು ಬರೆಯುವ ವಿಮರ್ಶಕರೇ ಆ ತಪ್ಪನ್ನು ಮಾಡಿದವರು.

ಇಲ್ಲಿ ಮೂಡುಬಿದಿರೆಯ ಸಮೀಪದ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರನ್ನು (1938–2023) ನೆನೆಯಬೇಕು. ಕಟೀಲು ಮೇಳದಲ್ಲಿ ದೀರ್ಘಕಾಲ ಭಾಗವತರಾಗಿದ್ದ ಅವರು ಅದೇ ಕಥೆಯನ್ನು ಐದು ದಿನಗಳ ದೇವೀಮಹಾತ್ಮೆಯಾಗಿ ಹೊಸತಾಗಿ ರಚಿಸಿದರು. ಒಂದು ರಾತ್ರಿಯ ಆಟವನ್ನು ಅಷ್ಟೊಂದು ಬಾರಿ ಹಾಡಿ ಆಡಿಸಿದ ವ್ಯಕ್ತಿಗೆ ಅದರಲ್ಲಿ ಎಲ್ಲಿ ಇಕ್ಕಟ್ಟಾಗಿದೆ, ಎಲ್ಲಿ ಹಾರಿಹೋಗಿದೆ ಎಂಬುದು ತಿಳಿದಿರಲೇಬೇಕು. ಐದು ದಿನಗಳಿಗೆ ಹರಡಿದ ಆ ರಚನೆಯನ್ನು, ಬಾಯಲ್ಲಿ ಹೇಳದೆ ಬರೆದು ತೋರಿಸಿದ ಒಂದು ವಿಮರ್ಶೆಯೆಂದು ಓದಬಹುದು. ಹರಕೆಯ ಬೇಡಿಕೆ ಮಾತ್ರ ಒಂದು ರಾತ್ರಿಯ ಪಾಠಕ್ಕೇ ಉಳಿಯಿತು.

ಆ ಒಂದು ರಾತ್ರಿಯೂ ಇತ್ತೀಚೆಗೆ ವಿವಾದಕ್ಕೊಳಗಾಯಿತು. ಧ್ವನಿವರ್ಧಕದ ನಿಯಮಗಳ ಹಿನ್ನೆಲೆಯಲ್ಲಿ 2022ರ ತಿರುಗಾಟದಿಂದ ಕಟೀಲಿನ ಮೇಳಗಳು ಕಾಲಮಿತಿಯ ಪ್ರದರ್ಶನಕ್ಕೆ ಬಂದವು. ಭಕ್ತರಿಂದ ವಿರೋಧ ಬಂದಿತು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. 2024ರ ಜನವರಿಯಲ್ಲಿ ಇಡೀ ರಾತ್ರಿಯ ಆಟ ಮರಳಿತು. ಕಾಲಮಿತಿ ಬೇಡವೆಂದವರ ವಾದದಲ್ಲಿ ಕಲೆಯ ಮಾತಿಗಿಂತ ಸೇವೆಯ ಪೂರ್ಣತೆಯ ಮಾತೇ ಮುಂದಿತ್ತು. ಹರಕೆಯ ಅಳತೆಗೋಲು ಯಾವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಕ್ಷೇತ್ರಮಹಾತ್ಮೆಗಳು

ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಮೇಳ ಆಡುವ ಕ್ಷೇತ್ರಮಹಾತ್ಮೆಯೂ ಹರಕೆಯ ವರ್ಗಕ್ಕೇ ಸೇರಿದ್ದು. ಕುಡುಮದ ನೆಲ್ಯಾಡಿ ಬೀಡಿನ ಬಿರ್ಮಣ್ಣ ಪೆರ್ಗಡೆ ಮತ್ತು ಅಮ್ಮು ಬಲ್ಲಾಳ್ತಿಯರ ಮನೆಗೆ ನಾಲ್ವರು ಧರ್ಮದೈವಗಳು ಬಂದುದು, ಅಣ್ಣಪ್ಪನು ಕದ್ರಿಯಿಂದ ಲಿಂಗವನ್ನು ತಂದುದು, ವಾದಿರಾಜರಿಂದ ಊರಿಗೆ ಧರ್ಮಸ್ಥಳವೆಂಬ ಹೆಸರಾದುದು ಅದರ ಕಥಾವಸ್ತು. ಸಂಘರ್ಷವಿಲ್ಲದ ಕಥೆ ನಾಟಕವಾಗುವುದು ಕಷ್ಟ. ಜೈನ ಬೀಡಿಗೆ ದೈವಗಳು ಬರುವ ಆ ಮೊದಲ ಭಾಗದಲ್ಲಿ ಒಂದು ದೊಡ್ಡ ನಾಟಕದ ಬೀಜವೇನೋ ಇದೆ. ಎರಡು ನಂಬಿಕೆಗಳು ಒಂದೇ ಜಗಲಿಯಲ್ಲಿ ಎದುರಾಗುತ್ತವೆ. ಮಹಾತ್ಮೆಯ ಚೌಕಟ್ಟು ಅದನ್ನು ಬೇಗನೆ ಸಮಾಧಾನಕ್ಕೆ ತಂದುಬಿಡುತ್ತದೆ.

ಕ್ಷೇತ್ರಮಹಾತ್ಮೆಯೊಂದು ಕಲಾಕೃತಿಯಾಗಿ ಏರಲಾರದೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಬಪ್ಪನಾಡು ಕ್ಷೇತ್ರಮಹಾತ್ಮೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ನಿರ್ವಹಿಸಿದ ಬಪ್ಪ ಬ್ಯಾರಿಯ ಪಾತ್ರ ಇದಕ್ಕೆ ಸಾಕ್ಷಿ. ದೇವಿಯ ಗುಡಿ ಕಟ್ಟಿಸಿದ ಮುಸ್ಲಿಂ ವ್ಯಾಪಾರಿಯ ಆ ಪಾತ್ರಕ್ಕೆ ಶೇಣಿಯವರು ತಮ್ಮ ಪಾಂಡಿತ್ಯದಿಂದ ಒದಗಿಸಿದ ಘನತೆಯ ಮುಂದೆ ಪ್ರಸಂಗದ ಉಳಿದ ಭಾಗ ಮಸುಕಾಯಿತು. ಅವರ ಅನಂತರ ಪ್ರಸಂಗ ಉಳಿಯಿತು, ಪಾತ್ರವೂ ಉಳಿಯಿತು, ಆ ಕೀರ್ತಿ ಮಾತ್ರ ನೆನಪಾಗಿ ಉಳಿಯಿತು. ಇಂದು ಆ ಪ್ರಸಂಗವನ್ನು ಹೊಗಳುವವರು ಹೊಗಳುತ್ತಿರುವುದು ಶೇಣಿಯವರನ್ನು.

ಡೇರೆಯ ತುಳು ಪ್ರಸಂಗಗಳು

ತುಳುವಿನಲ್ಲಿ ಪ್ರಸಂಗರಚನೆ ಹೊಸತಲ್ಲ. ಬಾಯಾರು ಸಂಕಯ್ಯ ಭಾಗವತರ ತುಳು 'ಪಂಚವಟಿ' 1887ರಷ್ಟು ಹಿಂದಿನದು. ಆದರೆ ಅದು ಪಾರ್ತಿಸುಬ್ಬನ ಹಾದಿಯಲ್ಲೇ ನಡೆದ ಪುರಾಣಕಥೆ. ತುಳುನಾಡಿನ ಸ್ವಂತ ಕಥೆಗಳು ರಂಗಕ್ಕೆ ಬಂದುದು ಪಂದಬೆಟ್ಟು ವೆಂಕಟರಾಯರ 'ಕೋಟಿ ಚೆನ್ನಯ'ದಂತಹ ಪ್ರಸಂಗಗಳಿಂದ. ಮುಂದೆ ಟಿಕೆಟ್ಟಿನ ಡೇರೆ ಮೇಳಗಳು, ವಿಶೇಷವಾಗಿ ಸುರತ್ಕಲ್ ಮೇಳ ಮತ್ತು ಕರ್ನಾಟಕ ಮೇಳ, ಈ ಧಾರೆಯನ್ನು ದೊಡ್ಡದಾಗಿ ಬೆಳೆಸಿದವು. ಬೆಳ್ತಂಗಡಿ ತಾಲೂಕಿನ ಬಂಗಾಡಿಯ ಅನಂತರಾಮ ಬಂಗಾಡಿಯವರ 'ಕಾಡಮಲ್ಲಿಗೆ' ಅದರ ಅತಿ ಜನಪ್ರಿಯ ಫಲಗಳಲ್ಲಿ ಒಂದು. ಅದೇ ತಾಲೂಕಿನ ಅಳದಂಗಡಿಯ ಅರುವ ಕೊರಗಪ್ಪ ಶೆಟ್ಟರು, ಭಾಗವತ ದಾಮೋದರ ಮಂಡೆಚ್ಚರು ಮೊದಲಾದವರ ಕೀರ್ತಿ ಈ ಡೇರೆಗಳೊಳಗೇ ಹರಡಿತು.

ಈ ಪ್ರಸಂಗಗಳ ಮೇಲೆ ಬಂದ ಆಕ್ಷೇಪಗಳು ಸುಪರಿಚಿತ. ಕಿರೀಟ ಹೋಗಿ ಪಗಡಿ ಬಂದಿತು, ವೇಷ ನಾಟಕದ್ದಾಯಿತು, ಹಾಸ್ಯ ಮಿತಿ ಮೀರಿತು, ಕಥೆಗೆ ಚಲನಚಿತ್ರದ ತಿರುವುಗಳು ಸೇರಿದವು, ಪದ್ಯ ಮಾತಿಗೆ ಪೀಠಿಕೆಯಾಯಿತು. ಇವೆಲ್ಲ ಸತ್ಯವೇ. ಒಂದೆರಡು ತಿರುಗಾಟಗಳಲ್ಲಿ ಮುಗಿದುಹೋದ ಪ್ರಸಂಗಗಳ ಸಂಖ್ಯೆಯೂ ಸಣ್ಣದಲ್ಲ. ಆದರೆ ಆಕ್ಷೇಪಿಸುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಡೇರೆಯ ಪ್ರೇಕ್ಷಕ ಹಣ ಕೊಟ್ಟು ಒಳಗೆ ಬಂದವನು. ಹರಕೆಯಾಟದಲ್ಲಿ ನಿದ್ದೆ ಮಾಡಿದರೂ ಪುಣ್ಯಕ್ಕೆ ಕೊರತೆಯಿಲ್ಲ. ಡೇರೆಯಲ್ಲಿ ನಿದ್ದೆ ಬಂದರೆ ಮರುವರ್ಷ ಅವನು ಬರುವುದಿಲ್ಲ. ಹೀಗಾಗಿ ಡೇರೆ ಕೊಟ್ಟ ಮನ್ನಣೆ ಈ ಪರಿಸರದಲ್ಲಿ ಪ್ರೇಕ್ಷಕರು ಕಲೆಗೆಂದೇ ಕೊಟ್ಟ ಏಕೈಕ ನೇರ ತೀರ್ಪು. ಅದು ಸುಸಂಸ್ಕೃತವಾದ ತೀರ್ಪಲ್ಲದಿರಬಹುದು, ಆದರೆ ಪ್ರಾಮಾಣಿಕವಾದದ್ದು. ಮನೆಯಲ್ಲಿ ತುಳುವಾಡಿ ಆಟದಲ್ಲಿ ಕನ್ನಡ ಕೇಳುತ್ತಿದ್ದ ಹೆಂಗಸರಿಗೆ ತಮ್ಮ ನುಡಿಯಲ್ಲೇ ಕಥಾನಾಯಕಿ ಅಳುವುದನ್ನು, ಎದುರುತ್ತರ ಕೊಡುವುದನ್ನು ಕೇಳಿಸಿದ್ದು ಈ ಪ್ರಸಂಗಗಳೇ.

'ಕಾಡಮಲ್ಲಿಗೆ'ಗೆ ಈಗ ಸಲ್ಲುತ್ತಿರುವ ಹೊಗಳಿಕೆ ಬೇರೆ ಬಗೆಯದು. ಡೇರೆ ಮೇಳಗಳ ಕಾಲ ಹೆಚ್ಚುಕಡಿಮೆ ಮುಗಿದ ಮೇಲೆ ಆ ರಾತ್ರಿಗಳ ಹಂಬಲವೇ ಪ್ರಸಂಗದ ಗುಣವಾಗಿ ಕಾಣತೊಡಗಿದೆ. ಇದನ್ನು ಮೀರಿದ ಮನ್ನಣೆಯೆನ್ನಬಹುದು. ಆದರೆ ಹಿಂದೆ ವಿದ್ವಾಂಸರು ತೋರಿದ ತಾತ್ಸಾರಕ್ಕೆ ಅದರಿಂದ ಲೆಕ್ಕ ಸರಿಹೋಗುವುದಿಲ್ಲ.

ವಿದ್ವಾಂಸನ ಪ್ರಸಂಗ

ಅಮೃತ ಸೋಮೇಶ್ವರರು (1935–2024) ಕೇಂದ್ರ ಸಾಹಿತ್ಯ ಅಕಾದೆಮಿಯ ಭಾಷಾ ಸಮ್ಮಾನಕ್ಕೆ ಪಾತ್ರರಾದ ವಿದ್ವಾಂಸರು. ಪಾಡ್ದನಗಳ ಸಂಗ್ರಾಹಕರಾಗಿ, ಪ್ರಸಂಗಕರ್ತರಾಗಿ ಎರಡೂ ಕಡೆಯ ಅನುಭವ ಅವರಿಗಿತ್ತು. ಅವರ 'ಅಮರಶಿಲ್ಪಿ ವೀರ ಕಲ್ಕುಡ' ಈ ಪ್ರದೇಶದ ನೆಲಕ್ಕೆ ಅಂಟಿಕೊಂಡ ಕಥೆ. ಕಾರ್ಕಳದಲ್ಲಿ ಗೊಮ್ಮಟನನ್ನು ಕಡೆದ ಶಿಲ್ಪಿ ಬೇರೆಲ್ಲೂ ಅಂತಹುದನ್ನು ಕಡೆಯಬಾರದೆಂದು ಅರಸನು ಅವನ ಒಂದು ಕೈ, ಒಂದು ಕಾಲನ್ನು ಕಡಿಸಿದನೆಂದೂ, ಆತ ಉಳಿದ ಕೈಯಿಂದಲೇ ವೇಣೂರಿನ ಗೊಮ್ಮಟನನ್ನು ಕಡೆದನೆಂದೂ ಪಾಡ್ದನ ಹೇಳುತ್ತದೆ. ಕಾರ್ಕಳದ ಮೂರ್ತಿ 1432ರಲ್ಲಿ, ಬೆಳ್ತಂಗಡಿ ತಾಲೂಕಿನ ವೇಣೂರಿನದು 1604ರಲ್ಲಿ ಪ್ರತಿಷ್ಠೆಗೊಂಡವು. ನಡುವೆ 172 ವರ್ಷಗಳ ಅಂತರವಿರುವುದರಿಂದ ಇಬ್ಬರೂ ಒಬ್ಬನೇ ಶಿಲ್ಪಿಯಾಗಿರಲು ಸಾಧ್ಯವಿಲ್ಲ. ಆದರೆ ಅರಸೊತ್ತಿಗೆಯಿಂದ ಕಲೆಗಾರನಿಗೆ ಆದ ಅನ್ಯಾಯದ ನೆನಪಿಗೆ ಇಸವಿಗಳ ಹಂಗಿಲ್ಲ.

ಸಾಹಿತ್ಯದ ದೃಷ್ಟಿಯಿಂದ ಈ ವಸ್ತು ಹರಕೆಯ ಪ್ರಸಂಗಗಳಿಗಿಂತಲೂ ಡೇರೆಯ ಪ್ರಸಂಗಗಳಿಗಿಂತಲೂ ಮೇಲ್ಮಟ್ಟದ್ದೆಂಬುದರಲ್ಲಿ ಸಂಶಯವಿಲ್ಲ. ತೊಡಕಿರುವುದು ರಂಗದಲ್ಲಿ. ಯಕ್ಷಗಾನದ ಅಭಿವ್ಯಕ್ತಿ ಕುಣಿತದಲ್ಲಿದೆ. ಕೈಕಾಲು ಕಳೆದುಕೊಂಡ ನಾಯಕ ಕುಣಿಯುವುದು ಹೇಗೆ? ಕಥೆ ಉತ್ಕರ್ಷಕ್ಕೆ ಬರುವ ಕ್ಷಣದಲ್ಲೇ ಕಲಾವಿದನ ಮುಖ್ಯ ಸಾಧನ ಅವನ ಕೈತಪ್ಪುತ್ತದೆ. ಉಳಿಯುವುದು ಮಾತು. ಸಮರ್ಥ ಅರ್ಥಧಾರಿ ದೊರೆತ ರಾತ್ರಿ ಇದು ಮೇಲೇಳಬಲ್ಲದು, ದೊರೆಯದಿದ್ದರೆ ಭಾಷಣವಾಗಿಬಿಡುತ್ತದೆ.

ಇನ್ನೊಂದು ತೊಡಕು ಸೂಕ್ಷ್ಮವಾದದ್ದು. ಕಲ್ಕುಡ ಮತ್ತು ಅವನ ತಂಗಿ ಕಲ್ಲುರ್ಟಿ ಇಂದಿಗೂ ಆರಾಧನೆ ಪಡೆಯುವ ದೈವಗಳು. ಬಂಟ್ವಾಳ ತಾಲೂಕಿನ ಪಣೋಲಿಬೈಲಿನಲ್ಲಿ ಕಲ್ಲುರ್ಟಿಗೆ ಅಗೆಲು, ಕೋಲ ಹೇಳಿಕೊಂಡವರು ಕಾಯುವ ಸರದಿ ಕಟೀಲಿನ ಆಟದ ಸರದಿಯನ್ನು ನೆನಪಿಸುತ್ತದೆ. ಹೀಗಿರುವಾಗ ರಂಗದ ಮೇಲಿನ ಕಲ್ಲುರ್ಟಿ ಪಾತ್ರವೋ ದೈವವೋ? ದೈವದ ಅಣಿ, ಗಗ್ಗರ, ನುಡಿಕಟ್ಟುಗಳನ್ನು ವೇಷಕ್ಕೆ ತರಬಾರದೆಂಬ ಆಕ್ಷೇಪ ತುಳು ಪ್ರಸಂಗಗಳಿಗೆ ಹಳೆಯದು. 2022ರಲ್ಲಿ 'ಕಾಂತಾರ' ಚಲನಚಿತ್ರ ಬಂದ ಬಳಿಕ ಅದು ಇನ್ನಷ್ಟು ತೀಕ್ಷ್ಣವಾಗಿದೆ. ಆಕ್ಷೇಪಿಸುವವರಲ್ಲಿ ದೈವ ಕಟ್ಟುವ ಸಮುದಾಯಗಳ ಜನರೂ ಇದ್ದಾರೆ. ಅವರ ಮಾತನ್ನು ಕಲಾಸ್ವಾತಂತ್ರ್ಯದ ಒಂದು ವಾಕ್ಯದಿಂದ ತಳ್ಳಿಹಾಕುವುದು ಸರಿಯಲ್ಲ. ಅತ್ತ ಭಕ್ತಿಯ ರಕ್ಷೆ ಪಡೆದ ಪ್ರಸಂಗವನ್ನು ವಿಮರ್ಶಿಸಲು ಯಾರೂ ಮುಂದಾಗುವುದಿಲ್ಲ. ವಿಮರ್ಶೆಯಿಲ್ಲದ ಮೌನವೂ ಒಂದು ಬಗೆಯ ಮೀರಿದ ಮನ್ನಣೆಯೇ.

ಹೊರಗಿನ ಪ್ರಶಸ್ತಿ, ಒಳಗಿನ ಅಳತೆ

ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಬಂದಿತು. ಆ ಗ್ರಂಥದ ಯೋಗ್ಯತೆ ನಿರ್ವಿವಾದ. ವಿವಾದಕ್ಕೆ ಒಳಗಾದುದು ಅವರು ನಿರ್ದೇಶಿಸಿದ ಯಕ್ಷಗಾನ ಬ್ಯಾಲೆ. ಅದರಲ್ಲಿ ಮಾತನ್ನು ಕೈಬಿಟ್ಟು ಹಾಡು, ಕುಣಿತ, ವೇಷಗಳಿಂದಲೇ ಕಥೆ ಹೇಳಲಾಯಿತು. ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೊಫೋನ್‌ಗಳು ಸೇರಿದವು. ಕನ್ನಡ ಬಾರದ ನಾಡುಗಳಲ್ಲಿ ಅದು ಯಕ್ಷಗಾನಕ್ಕೆ ಪ್ರೇಕ್ಷಕರನ್ನು ಗಳಿಸಿಕೊಟ್ಟಿತು. ಬಂಟ್ವಾಳದ ಕಡೆಯ ರಸಿಕನಿಗೆ ಅದು ಒಗ್ಗುವುದು ಕಷ್ಟ. ಏಕೆಂದರೆ ಆತ ತಾಳಮದ್ದಳೆಯಲ್ಲಿ ಬೆಳೆದವನು. ವೇಷವಿಲ್ಲ, ಕುಣಿತವಿಲ್ಲ, ರಂಗಸ್ಥಳವಿಲ್ಲ. ಮಾತು ಮಾತ್ರ ಇದೆ. ಪಾರ್ತಿಸುಬ್ಬನ 'ವಾಲಿವಧೆ'ಯ ಕೆಲವೇ ಪದ್ಯಗಳ ಮೇಲೆ ವಾಲಿ ರಾಮನನ್ನು ಗಂಟೆಗೂ ಮೀರಿ ಪ್ರಶ್ನಿಸುವುದನ್ನು, ದೇರಾಜೆ ಸೀತಾರಾಮಯ್ಯ, ಶೇಣಿ, ಸಾಮಗರಂತಹವರು ಆ ಪ್ರಶ್ನೆಗೆ ಪ್ರತಿಯೊಂದು ಕೂಟದಲ್ಲೂ ಹೊಸ ಉತ್ತರ ಹುಡುಕುವುದನ್ನು ಕೇಳಿದ ಕಿವಿಗೆ ಮಾತಿಲ್ಲದ ಯಕ್ಷಗಾನ ಉಪ್ಪಿಲ್ಲದ ಗಂಜಿ. ಕಾರಂತರ ದೃಷ್ಟಿಯಲ್ಲಿ ಆ ಮಾತೇ ಹೊರೆಯಾಗಿತ್ತು. ಇಬ್ಬರೂ ಒಂದೇ ಕಲೆಯ ಕುರಿತು ವಾದಿಸುತ್ತಿದ್ದಾರೆಂಬುದೇ ಒಂದು ಭ್ರಮೆ.

ತಾಳಮದ್ದಳೆಯ ಅನುಭವದಿಂದ ದೊರೆಯುವ ಒಂದು ತಿಳಿವು ಇಲ್ಲಿ ಉಪಯುಕ್ತ. ಅಲ್ಲಿ ಬಹುಕಾಲದಿಂದ ಉಳಿದುಬಂದ 'ಕೃಷ್ಣಸಂಧಾನ', 'ವಾಲಿವಧೆ', 'ಕರ್ಣಪರ್ವ', 'ಭೀಷ್ಮವಿಜಯ' ಮೊದಲಾದ ಪ್ರಸಂಗಗಳಿಗೆ ದೇವರ ಹರಕೆಯ ಬಲವಿಲ್ಲ, ಟಿಕೆಟ್ಟಿನ ಬಲವಿಲ್ಲ. ಇಬ್ಬರು ಬುದ್ಧಿವಂತರು ಎದುರುಬದುರು ಕುಳಿತು ವಾದಿಸಲು ಅವು ಎಡೆಗೊಡುತ್ತವೆ ಎಂಬುದೊಂದೇ ಅವುಗಳ ಆಯುಷ್ಯದ ಗುಟ್ಟು. ಪ್ರಸಂಗಸಾಹಿತ್ಯದ ಯೋಗ್ಯತೆಯನ್ನು ಅಳೆಯುವುದಿದ್ದರೆ ಈ ಕೂಟಗಳಲ್ಲಿ ಅಳೆಯುವುದು ಹೆಚ್ಚು ನ್ಯಾಯ. ಇದೇ ಪರೀಕ್ಷೆಯಲ್ಲಿ ಮಾಲಿನಿಯ ಕಥೆ ಗೆಲ್ಲಬಹುದು, ಕಲ್ಕುಡನೂ ಗೆಲ್ಲಬಹುದು. ಶುಂಭನಿಶುಂಭರ ಕಾಳಗ ಸೋಲುವುದು ಖಚಿತ.

ಈ ವಿವೇಚನೆಗೆ ಒಂದು ಪ್ರಾಯೋಗಿಕ ಕಾರಣವೂ ಉಂಟು. ಮೇಳಗಳು ದೀಪಾವಳಿಯ ಬಳಿಕ ಹೊರಟು ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ತಿರುಗಾಟ ಸುಮಾರು ಆರು ತಿಂಗಳು. ಆ ರಾತ್ರಿಗಳ ದೊಡ್ಡ ಪಾಲನ್ನು ಒಂದೆರಡು ಪ್ರಸಂಗಗಳು ತುಂಬಿದರೆ ಉಳಿದವು ಹಾಡದೆ ಉಳಿಯುತ್ತವೆ. ಮುದ್ರಿತ ಪದ್ಯ ಗ್ರಂಥಾಲಯದಲ್ಲಿ ಉಳಿದೀತು. ಯಾವ ಪದ್ಯವನ್ನು ಯಾವ ಮಟ್ಟಿನಲ್ಲಿ, ಯಾವ ಕಾಲದಲ್ಲಿ, ಎಲ್ಲಿ ಬಿಟ್ಟು ಎಲ್ಲಿ ಎತ್ತಿ ಹಾಡಬೇಕೆಂಬುದು ಭಾಗವತನ ಗಂಟಲಿನಲ್ಲಿ ಮಾತ್ರ ಇರುತ್ತದೆ. ಬಲಿಪ ನಾರಾಯಣ ಭಾಗವತರಿಗೆ ಬಾಯಿಪಾಠವಾಗಿದ್ದ ಪ್ರಸಂಗಗಳ ಹರವನ್ನು ಅವರ ಸಮಕಾಲೀನರು ಬೆರಗಿನಿಂದ ಹೇಳುತ್ತಿದ್ದರು. ಮಗ ಬಲಿಪ ಪ್ರಸಾದ ಭಾಗವತರು 2022ರಲ್ಲಿ, ತಂದೆ 2023ರಲ್ಲಿ ತೀರಿಕೊಂಡರು. ಹರಕೆಯಿಂದ ದಿನವೂ ಹಾಡಲ್ಪಡುವ ದೇವೀಮಹಾತ್ಮೆಯ ಬಲಿಪ ಮಟ್ಟುಗಳು ಉಳಿಯುವುದರಲ್ಲಿ ಸಂದೇಹವಿಲ್ಲ. ನೂರಾರು ಕಿವಿಗಳು ಅವನ್ನು ಬಲ್ಲವು. ವರ್ಷಗಳಿಂದ ಯಾವ ಮೇಳವೂ ಎತ್ತಿಕೊಳ್ಳದ ಪ್ರಸಂಗಗಳ ಮಟ್ಟುಗಳನ್ನು ಬಲ್ಲ ಹಿರಿಯ ಭಾಗವತರು ಈ ಮೂರು ಊರುಗಳ ಆಸುಪಾಸಿನಲ್ಲಿ ಬೆರಳೆಣಿಕೆಯಷ್ಟೇ ಉಳಿದಿದ್ದಾರೆ. ದಾಖಲೀಕರಣಕ್ಕೆ ಮೀಸಲಾದ ಹಣ ಮೊದಲು ಹೋಗಬೇಕಾದುದು ಅವರ ಮನೆಗಳಿಗೆ.